ಹಿರಿಯರ ಆಟಕ್ಕೆ ಎದುರಾಳಿ ಯಾರು?

ಹಂಪಿಗೆ ಹೋದವರು ಕತ್ತೆತ್ತಿ ನೋಡುವುದೇ ಹೆಚ್ಚು. ವಿರೂಪಾಕ್ಷನ ಗೋಪುರ, ವಿಠಲ ದೇವಾಲಯದ ಕಂಬಗಳು, ಮಹಾನವಮಿ ದಿಬ್ಬದ ಸಾಲುಸಾಲು ಶಿಲ್ಪಗಳು, ಇವನ್ನೆಲ್ಲ ನೋಡಿ ಮುಗಿಸುವ ಭರದಲ್ಲಿ ಕಾಲ ಕೆಳಗಿನ ಕಲ್ಲನ್ನು ಗಮನಿಸುವವರು ವಿರಳ. ಆದರೆ ನಡೆದು ದಣಿದು, “ನೀವು ನೋಡಿಕೊಂಡು ಬನ್ನಿ, ನಾನಿಲ್ಲೇ ಇರುತ್ತೇನೆ” ಎಂದು ಮಂಟಪದ ಜಗಲಿಯ ಮೇಲೆ ಕುಳಿತುಬಿಡುವ ಹಿರಿಯರ ಕಣ್ಣಿಗೆ ಕೆಲವೊಮ್ಮೆ ಒಂದು ವಿಶೇಷ ಬೀಳುವುದುಂಟು. ಹಾಸುಗಲ್ಲಿನ ಮೇಲೆ ಎರಡು ಸಾಲು ಪುಟ್ಟ ಗುಳಿಗಳು. ಇನ್ನೊಂದೆಡೆ ಗೆರೆ ಕೊರೆದು ಮಾಡಿದ ಚೌಕದ ಮನೆಗಳು. ಮತ್ತೊಂದೆಡೆ ತ್ರಿಕೋಣದೊಳಗೆ ಹಾಯ್ದ ಅಡ್ಡಗೆರೆಗಳು. ಮೊಮ್ಮಕ್ಕಳಿಗೆ ಅದು ಯಾರೋ ಎಂದೋ ಗೀಚಿದ ಗೀರು. ಅಜ್ಜಿಗೆ ಮಾತ್ರ ನೋಡಿದೊಡನೆಯೇ ಗುರುತು ಸಿಗುತ್ತದೆ: ಅಳಿಗುಳಿಮನೆ, ಚೌಕಾಬಾರ, ಆಡುಹುಲಿ.

ಅಂಥ ಗಳಿಗೆಯಲ್ಲಿ ಮನೆಯವರು ಎರಡು ರೀತಿಯಾಗಿ ನಡೆದುಕೊಳ್ಳಬಹುದು. “ಹೌದೇನಜ್ಜಿ? ಸರಿ ಏಳು, ಬಸ್ಸಿಗೆ ಹೊತ್ತಾಯಿತು” ಎಂದು ಕೈಹಿಡಿದು ಎಬ್ಬಿಸಿಕೊಂಡು ಹೊರಡಬಹುದು. ಇಲ್ಲವೆ ಒಂದು ಕಾಗದ ತೆಗೆದು ಅದೇ ಗೆರೆಗಳನ್ನು ಬರೆದುಕೊಂಡು, “ಇದನ್ನು ಹೇಗೆ ಆಡುತ್ತಿದ್ದಿರಿ? ಮನೆಗೆ ಹೋದ ಮೇಲೆ ಹೇಳಿಕೊಡಬೇಕು” ಎಂದು ಕೇಳಬಹುದು. ಇಳಿವಯಸ್ಸಿನವರಿಗೆ ಆಟವೇಕೆ, ಅದನ್ನು ಒದಗಿಸುವ ಬಗೆ ಹೇಗೆ ಎಂಬ ಪ್ರಶ್ನೆಗೆ ಉತ್ತರವೆಲ್ಲ ಈ ಎರಡು ನಡತೆಗಳ ನಡುವಣ ಅಂತರದಲ್ಲಿಯೇ ಇದೆ ಎನ್ನಬಹುದು.

ವಿಜಯನಗರದ ಅವಶೇಷಗಳ ನಡುವೆ ಇಂಥ ಆಟದ ಮನೆಗಳು ನೂರಾರಿವೆ. ದೇವಾಲಯದ ಜಗಲಿ, ಮಂಟಪದ ನೆಲ, ಹೆಬ್ಬಾಗಿಲ ಬದಿಯ ಕಟ್ಟೆ, ದಾರಿಯ ಪಕ್ಕದ ಬಯಲುಬಂಡೆ ಮುಂತಾಗಿ, ಜನ ಸೇರುವ ಮತ್ತು ಕಾಯುವ ಸ್ಥಳಗಳಲ್ಲಿ ಅವು ಕಾಣಸಿಗುತ್ತವೆ. ಎಲ್ಕೆ ರೋಜರ್ಸ್‌ಡಾಟರ್ ಎಂಬ ಪುರಾತತ್ತ್ವ ವಿದುಷಿ ಇವುಗಳನ್ನು ಹುಡುಕಿ, ಆಕಾರಕ್ಕೆ ಅನುಸಾರವಾಗಿ ವಿಂಗಡಿಸಿ, ೨೦೧೫ರಲ್ಲಿ ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿದರು. ಕಲ್ಲಿನ ಗೆರೆಗೆ ತಾರೀಖು ಇರುವುದಿಲ್ಲ. ಯಾವ ಮನೆ ಅರಸರ ಕಾಲದ್ದು, ಯಾವುದು ೧೫೬೫ರಲ್ಲಿ ಪಟ್ಟಣ ಹಾಳಾದ ಅನಂತರ ಯಾರೋ ಬಿಡುವಿನಲ್ಲಿ ಕೊರೆದದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ ಒಂದು ಸಂಗತಿ ಸ್ಪಷ್ಟವಾಗಿದೆ. ಈ ಆಟಗಳಿಗೆ ದಂತದ ಕಾಯಿಗಳಾಗಲಿ ರೇಷ್ಮೆಯ ಹಾಸಾಗಲಿ ಬೇಕಾಗಿರಲಿಲ್ಲ. ನಾಲ್ಕು ಹರಳು, ನಾಲ್ಕು ಬೀಜ, ಎದುರಿಗೆ ಕೂರಲು ಒಬ್ಬ ಮನುಷ್ಯ, ಇಷ್ಟಿದ್ದರೆ ಸಾಕಾಗಿತ್ತು.

ಇವೆಲ್ಲ ಮಕ್ಕಳಾಟವೆಂದು ತಳ್ಳಿಹಾಕುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಬೇಕು. ೧೭೯೪ರಲ್ಲಿ ಜನಿಸಿದ ಅವರ ಕೈಯಿಂದ ರಾಜ್ಯದ ಆಡಳಿತವನ್ನು ಬ್ರಿಟಿಷರು ೧೮೩೧ರಲ್ಲಿ ಕಿತ್ತುಕೊಂಡರು. ಅನಂತರ ೧೮೬೮ರಲ್ಲಿ ಕಾಲವಾಗುವವರೆಗೆ ಅವರು ಮೂವತ್ತೇಳು ವರ್ಷ ಬಾಳಿದರು. ಅಧಿಕಾರವಿಲ್ಲದ ಆ ದೀರ್ಘಕಾಲದಲ್ಲಿ ಅವರ ಬುದ್ಧಿ ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಪೋಷಣೆಯಲ್ಲಿ ತೊಡಗಿದಂತೆಯೇ ಆಟಗಳ ಕಡೆಗೂ ಹರಿಯಿತು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಮಣೆಯಾಟಗಳ ವಿಚಾರವಿದೆ; ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳ ಚಿತ್ರಗಳಿವೆ. ಕಚೇರಿಯಿಂದ ನಿವೃತ್ತರಾಗಿ, ಬೆಳಿಗ್ಗೆ ಹತ್ತಾದರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಕುಳಿತಿರುವ ಗೃಹಸ್ಥರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಆಟ ನಿಂತುದು ಏಕೆ?

ಹಂಪಿಯ ಕಲ್ಲಿನಿಂದ ಹೊಸಪೇಟೆಯ ಮನೆಗಳಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಮುಗಿಯುವ ಕಾಲಕ್ಕೆ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳು, ವ್ಯಾಪಾರದ ಮನೆತನಗಳು, ೨೦೨೧ರಲ್ಲಿ ಇದು ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ವರ್ಗವಾಗಿ ಬಂದ ನೌಕರರು, ಎಲ್ಲರೂ ಇಲ್ಲಿದ್ದಾರೆ. ಇಂಥ ಊರಿನಲ್ಲಿ ಮಕ್ಕಳು ಓದಿ ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮನೆಗಳು ಎಷ್ಟೋ. ಉಳಿದ ಮನೆಗಳಲ್ಲಿ ಮಗ ಸೊಸೆ ಇಬ್ಬರೂ ದುಡಿಮೆಗೆ, ಮೊಮ್ಮಕ್ಕಳು ಶಾಲೆಗೆ. ಹಗಲೆಲ್ಲ ದೂರದರ್ಶನದ ಧಾರಾವಾಹಿ, ಸಂಜೆ ಎಲ್ಲರ ಕೈಯಲ್ಲಿಯೂ ಮೊಬೈಲು. ಅಜ್ಜಿಯ ಕವಡೆಗಳು ದೇವರ ಗೂಡಿನ ಮೂಲೆಯ ಚೀಲದಲ್ಲಿ ಉಳಿದುಬಿಟ್ಟಿವೆ.

“ಈಗ ಆಡಲಾಗುವುದಿಲ್ಲ” ಎಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ಬಿಡಿಸಿ ನೋಡಿದರೆ ಆಟ ಮರೆತಿದೆಯೆಂಬ ಅರ್ಥ ಬಹಳ ಮಟ್ಟಿಗೆ ಅದರಲ್ಲಿರುವುದಿಲ್ಲ. “ಕೆಳಗೆ ಕುಂತ್ರೆ ಏಳಾಕಾಗಲ್ಲವ್ವ” ಎಂಬುದು ಮೊದಲನೆಯ ಕಾರಣ. ಮೊಣಕಾಲು ಮಡಚಲು ಬಾರದವರಿಗೆ ನೆಲದ ಮೇಲಿನ ಆಟ ಇದ್ದೂ ಇಲ್ಲದಂತೆ. ಸೀಮೆಸುಣ್ಣದ ಮಸಕು ಗೆರೆ ಕಾಣಿಸದಿರುವುದು ಎರಡನೆಯದು. ಕೀಲುನೋವಿನ ಬೆರಳಿಗೆ ಬಳೆಚೂರಿನಂಥ ಸಣ್ಣ ಕಾಯಿ ಸಿಕ್ಕದಿರುವುದು ಮೂರನೆಯದು. ಕಿವಿ ಮಂದವಾಗಿ, ಬಿದ್ದ ಗರ ಎಷ್ಟೆಂದು ಇತರರು ಹೇಳುವುದು ಕೇಳಿಸದೆ, ಮತ್ತೆ ಮತ್ತೆ ಕೇಳಲು ಸಂಕೋಚವಾಗುವುದು ನಾಲ್ಕನೆಯದು. ಈ ನಾಲ್ಕನ್ನೂ ಒಂದು ಸಂಜೆಯ ಶ್ರಮದಿಂದ ಸರಿಪಡಿಸಬಹುದು. ಐದನೆಯ ಕಾರಣವೊಂದಿದೆ: ಎದುರಿಗೆ ಕೂರುವವರು ಇಲ್ಲ. ಇದಕ್ಕೆ ಬಡಗಿಯಾಗಲಿ ಕನ್ನಡಕದ ಅಂಗಡಿಯವನಾಗಲಿ ನೆರವಾಗಲಾರ, ಮನೆಮಂದಿಯೇ ಆಗಬೇಕು.

ಮೇಜಿನ ಮೇಲೆ ಚೌಕಾಬಾರ

ಮೊದಲು ಸುಲಭವಾದುದರಿಂದ ಆರಂಭಿಸುವುದು ಮೇಲು. ಚೌಕಾಬಾರದ ಮನೆ ಐದೈದರಂತೆ ಇಪ್ಪತ್ತೈದು ಚೌಕಗಳದು. ನಾಲ್ಕು ಅಂಚುಗಳ ನಡುಮನೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆಯ ಗುರುತು. ಅವು ಕಟ್ಟೆಗಳು, ಅಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಈ ಎರಡು ಗರಗಳಿಗೆ ಮತ್ತೊಮ್ಮೆ ಎಸೆಯುವ ಹಕ್ಕು ಉಂಟು. ಹೊರಸುತ್ತಿನ ಹದಿನಾರು ಮನೆಗಳನ್ನು ಸುತ್ತಿ, ಒಳಸುತ್ತಿನ ಎಂಟು ಮನೆಗಳನ್ನು ಹಾಯ್ದು, ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಕಟ್ಟಳೆ ಹಲವು ಮನೆಗಳಲ್ಲಿದೆ.

ಇದನ್ನು ಹಿರಿಯರ ಕೈಗೆ ಒಗ್ಗಿಸುವುದು ಕಷ್ಟವಲ್ಲ. ದಪ್ಪ ರಟ್ಟಿನ ಮೇಲಾಗಲಿ ಬಿಳಿಯ ಬಟ್ಟೆಯ ಮೇಲಾಗಲಿ, ಒಂದೊಂದು ಚೌಕ ನಾಲ್ಕು ಬೆರಳಗಲ ಬರುವಂತೆ, ಕಪ್ಪು ಬಣ್ಣದಲ್ಲಿ ದಪ್ಪ ಗೆರೆ ಎಳೆಯಬೇಕು. ಕಟ್ಟೆಗಳಿಗೆ ಕೆಂಪು ಬಣ್ಣ ತುಂಬಿದರೆ ಕನ್ನಡಕವಿಲ್ಲದೆಯೂ ಕಾಣುತ್ತದೆ. ಬಳೆಚೂರಿಗೆ ಬದಲು ಸೀಸೆಯ ಮುಚ್ಚಳ, ಕೋಟಿನ ದೊಡ್ಡ ಗುಂಡಿ, ಬಣ್ಣ ಬಳಿದ ಮರದ ತುಂಡು ಆಗಬಹುದು. ಕವಡೆಯನ್ನು ಅಂಗೈಯಲ್ಲಿ ಕುಲುಕಲಾಗದವರು ಸಣ್ಣ ಲೋಟದಲ್ಲಿ ಹಾಕಿ ಕುಲುಕಿ, ಅಂಚಿರುವ ತಟ್ಟೆಗೆ ಸುರಿಯಲಿ. ತಟ್ಟೆಯೊಳಗೆ ಒಂದು ಬಟ್ಟೆ ಹಾಸಿದ್ದರೆ ಕವಡೆ ಪುಟಿದು ಮಂಚದ ಕೆಳಗೆ ಓಡದು. ಬಿದ್ದ ಗರವನ್ನು ಬಾಯಿಂದ ಹೇಳುವುದರ ಜೊತೆಗೆ ಬೆರಳಿನಿಂದಲೂ ತೋರಿಸಿದರೆ ಕಿವಿ ಮಂದವಾದವರು ಕೇಳಿ ಕೇಳಿ ಹೈರಾಣಾಗುವುದು ತಪ್ಪುತ್ತದೆ. ಕೂರುವ ಕುರ್ಚಿಗೆ ಕೈ ಇರಬೇಕು, ಚಕ್ರ ಇರಬಾರದು. ಬೆಳಕು ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು. ಅರ್ಧ ಗಂಟೆಗೊಮ್ಮೆ ಎಲ್ಲರೂ ಎದ್ದು ನಾಲ್ಕು ಹೆಜ್ಜೆ ತಿರುಗಿ, ನೀರು ಕುಡಿದು ಕೂರುವುದು ಹಿತ. ಹೊಸಪೇಟೆಯ ಬೇಸಗೆಯಲ್ಲಿ ಮಧ್ಯಾಹ್ನದ ಆಟಕ್ಕಿಂತ ಬೆಳಗಿನದು ಅಥವಾ ದೀಪ ಹಚ್ಚುವ ಹೊತ್ತಿನದು ಲೇಸೆಂದು ಬೇರೆ ಹೇಳಬೇಕಾಗಿಲ್ಲ.

ಬೀಜವೂ ಹುಲಿಯೂ

ಅಳಿಗುಳಿಮನೆಯಲ್ಲಿ ಅದೃಷ್ಟದ ಪಾಲು ಇಲ್ಲವೆಂದೇ ಹೇಳಬೇಕು, ಎಲ್ಲವೂ ಎಣಿಕೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ಐದೈದು ಹುಣಸೆಬೀಜವೆಂದರೆ ಒಟ್ಟು ಎಪ್ಪತ್ತು. ತನ್ನ ಸಾಲಿನ ಒಂದು ಗುಳಿಯ ಬೀಜವನ್ನು ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಬಾಚಿ ಹಂಚುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಸವರಿ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳುವುದು. ಊರಿಗೊಂದು ಕಟ್ಟಳೆ ಇರುವುದರಿಂದ ಅಜ್ಜಿ ಹೇಳಿದ್ದೇ ನಿಯಮವೆಂದು ಒಪ್ಪಿಕೊಂಡರೆ ಜಗಳವಿಲ್ಲ. ಮರದ ಮಣೆ ಇಲ್ಲದ ಮನೆಯಲ್ಲಿ ಹದಿನಾಲ್ಕು ಸಣ್ಣ ಬಟ್ಟಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಬಹುದು. ಪಡ್ಡಿನ ಹಂಚಿನ ಗುಳಿಗಳನ್ನು ಕಂಡು ಮಕ್ಕಳಿಗೆ ಆಸೆಯಾದೀತು. ಅದರ ಎಣ್ಣೆ ಬೀಜಕ್ಕೆ ಅಂಟುವುದರಿಂದಲೂ ಗೃಹಿಣಿಯ ಕೋಪ ಯಾರಿಗೂ ಬೇಡವಾದುದರಿಂದಲೂ ಅದನ್ನು ಒಲೆಯ ಬಳಿಯೇ ಬಿಡುವುದು ಕ್ಷೇಮ. ಈ ಆಟದಲ್ಲಿ ಬೆರಳಿಗೆ ಬಾಚುವ ಮತ್ತು ಬಿಡುವ ಮೃದುವಾದ ವ್ಯಾಯಾಮ, ಮನಸ್ಸಿಗೆ ಲೆಕ್ಕದ ವ್ಯಾಯಾಮ ಎರಡೂ ಇವೆ. ಎದುರಾಳಿ ಸಿಕ್ಕದಿದ್ದಾಗ ಒಬ್ಬರೇ ಆಡುವ ‘ಸೀತೆಯಾಟ’ವೂ ಇದೆ, ಅಶೋಕವನದಲ್ಲಿ ಸೀತೆ ಹೀಗೆ ಒಬ್ಬಳೇ ಆಡಿ ಹೊತ್ತು ಕಳೆದಳೆಂದು ಜನ ಹೇಳುತ್ತಾರೆ. ಒಂಟಿಯಾಗಿ ಆಡುವುದಕ್ಕೆ ಸೆರೆಯಲ್ಲಿದ್ದವಳ ಹೆಸರಿಟ್ಟಿರುವುದು ಯೋಚಿಸಬೇಕಾದ ಸಂಗತಿ.

ಆಡುಹುಲಿಯ ಆಟ ಇನ್ನೊಂದು ಬಗೆಯದು. ತ್ರಿಕೋಣವನ್ನು ಅಡ್ಡಗೆರೆಗಳು ಹಾಯುವಲ್ಲಿ ಇಪ್ಪತ್ತಮೂರು ಸಂಧಿಗಳು. ಮೂರು ಹುಲಿ, ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಆಡುಗಳು ಒಟ್ಟಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು. ಅವಸರದ ಹುಡುಗರು ಹುಲಿಯಾಗಲು ಬಯಸುತ್ತಾರೆ; ತಾಳ್ಮೆಯುಳ್ಳ ತಾತ ಆಡುಗಳನ್ನು ಒಂದೊಂದಾಗಿ ಇಟ್ಟು ಕೊನೆಗೆ ಹುಲಿಯ ಕಾಲು ಕಟ್ಟುತ್ತಾನೆ. ಆಡುಗಳ ಪಕ್ಷವನ್ನು ಇಬ್ಬರು ಮೂವರು ಸೇರಿ, ಪರಸ್ಪರ ಆಲೋಚಿಸಿಯೂ ಆಡಬಹುದು. ಒಬ್ಬರಿಗೆ ಕಣ್ಣು ಚೆನ್ನಾಗಿದ್ದು ಇನ್ನೊಬ್ಬರಿಗೆ ಬುದ್ಧಿ ಚುರುಕಾಗಿದ್ದರೆ ಇಬ್ಬರೂ ಕೂಡಿ ಒಬ್ಬ ಸಮರ್ಥ ಆಟಗಾರನಾಗುತ್ತಾರೆ.

ಕಂಪ್ಲಿಯ ಚೆಂಡು

ಮಣೆಯಾಟದಿಂದ ಬುದ್ಧಿಗೆ ಕೆಲಸವಾಯಿತು, ಮೈಗೆ? ಇದಕ್ಕೆ ಹೊಸಪೇಟೆಯಿಂದ ಹೊಳೆಯ ಗುಂಟ ಕಂಪ್ಲಿಯವರೆಗೆ ಹೋಗಿ ಬರಬೇಕು. ೧೩೨೭ರಲ್ಲಿ ದಿಲ್ಲಿಯ ಸೈನ್ಯಕ್ಕೆ ಬಲಿಯಾದ ಕಂಪಿಲರಾಯನ ರಾಜ್ಯದ ಹೆಸರನ್ನು ಇಂದಿಗೂ ಹೊತ್ತಿರುವ ಊರು ಅದು. ರಾಯನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ್ದಾನೆ. ಆ ಕಥೆ ತಿರುಗುವುದು ಒಂದು ಚೆಂಡಿನ ಮೇಲೆ. ಆಡುತ್ತಿದ್ದ ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು. ಅದನ್ನು ತರಲು ಹೋದವನ ಮೇಲೆ ಅಪವಾದ ಬಂದಿತು. ಈ ಸೀಮೆಯ ಹಿರಿಯರಲ್ಲಿ ಈ ಪ್ರಸಂಗವನ್ನು ಬಲ್ಲವರು ಇನ್ನೂ ಇದ್ದಾರೆ. ಅವರ ಕೈಗೊಂದು ಚೆಂಡು ಕೊಟ್ಟು ಕಥೆ ಹೇಳಿಸಿದರೆ ಚೆಂಡೂ ಕಥೆಯೂ ಕೈಯಿಂದ ಕೈಗೆ ಸಾಗುತ್ತವೆ.

ಹಳೆಯ ಬಟ್ಟೆ ಸುತ್ತಿ ಹೊಲಿದ ಮೆತ್ತನೆಯ ಚೆಂಡೊಂದು ಸಾಕು. ಆರೇಳು ಮಂದಿ ಕುರ್ಚಿಗಳ ಮೇಲೆ ವೃತ್ತಾಕಾರವಾಗಿ ಕುಳಿತು ಒಬ್ಬರಿಂದೊಬ್ಬರಿಗೆ ಎಸೆಯಬಹುದು. ಎಸೆಯುವವರು ಒಂದು ಊರಿನ ಹೆಸರು ಹೇಳಿದರೆ ಹಿಡಿಯುವವರು ಅದರ ಕೊನೆಯ ಅಕ್ಷರದಿಂದ ಇನ್ನೊಂದು ಊರು ಹೇಳಬೇಕು. ಇಲ್ಲವೆ ಎರಡು ಮಾರು ದೂರದಲ್ಲಿ ಬಿದಿರಿನ ಬುಟ್ಟಿಯಿಟ್ಟು ಕುಳಿತಲ್ಲಿಂದಲೇ ಎಸೆದು ಎಣಿಸಬಹುದು. ಗಾಲಿಕುರ್ಚಿಯಲ್ಲಿರುವವರು ಇತರರಿಗೆ ಸಮಾನರಾಗಿ ಆಡುವ ಆಟ ಇದು.

ಆಡುವವನು ಆಟಕ್ಕೆ ತಕ್ಕವನಾಗದಿದ್ದರೆ ಆಟವನ್ನೇ ಅವನಿಗೆ ತಕ್ಕಂತೆ ತಿದ್ದುವುದು ಅಪಮಾನವೇನೂ ಅಲ್ಲ. ಫ್ರಾನ್ಸ್ ದೇಶದ ‘ಪೆತಾಂಕ್’ ಎಂಬ ಗುಂಡೆಸೆತದ ಆಟ ಹುಟ್ಟಿದ್ದೇ ಹೀಗೆಂದು ಅದರ ಚರಿತ್ರೆ ಹೇಳುತ್ತದೆ. ಅಲ್ಲಿಯ ಹಳೆಯ ಆಟದಲ್ಲಿ ಹೆಜ್ಜೆ ಹಾಕಿ ಓಡಿಬಂದು ಗುಂಡು ಎಸೆಯಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾ ಸಿಯೊಟಾ ಎಂಬ ಊರಿನಲ್ಲಿ ಕೀಲುವಾಯುವಿನಿಂದ ಓಡಲಾಗದ ಆಟಗಾರನೊಬ್ಬನಿಗಾಗಿ, ಎರಡು ಕಾಲೂ ಊರಿ ನಿಂತಲ್ಲಿಂದಲೇ ಎಸೆಯುವಂತೆ ಗೆಳೆಯರು ಆಟವನ್ನು ಬದಲಾಯಿಸಿದರು. ಹಾಗೆ ಬದಲಾದ ಆಟವನ್ನು ಇಂದು ಹಲವು ದೇಶಗಳ ಜನ ಆಡುತ್ತಾರೆ. ಒಬ್ಬ ಗೆಳೆಯನನ್ನು ಮೂಲೆಯಲ್ಲಿ ಕೂರಿಸಬಾರದೆಂಬ ಸದ್ಬುದ್ಧಿಯಿಂದ ಜಗತ್ತಿಗೊಂದು ಆಟ ದೊರೆತಂತಾಯಿತು.

ಸಂಡೂರಿನ ಸೂಜಿ

ಎಲ್ಲರಿಗೂ ಸೋಲುಗೆಲುವಿನ ಆಟ ರುಚಿಸುವುದಿಲ್ಲ. ಅಂಥವರಿಗೆ ಕೈಗೆ ಕೆಲಸವೂ ಬಾಯಿಗೆ ಮಾತೂ ಇರುವ ಕೂಟ ಬೇಕು. ಕಬ್ಬಿಣದ ಅದಿರಿಗೆ ಹೆಸರಾದ ಸಂಡೂರಿನ ಬೆಟ್ಟಗಳ ನಡುವೆ ಲಂಬಾಣಿ ಹೆಂಗಸರ ಕಸೂತಿಯೂ ಅಷ್ಟೇ ಹೆಸರು ಪಡೆದಿದೆ. ಸಂಡೂರು ಕುಶಲ ಕಲಾ ಕೇಂದ್ರದ ಆಶ್ರಯದಲ್ಲಿ ನೂರಾರು ಲಂಬಾಣಿ ಮಹಿಳೆಯರು ಹೊಲಿದ ೧,೭೫೫ ಕಸೂತಿ ವಸ್ತುಗಳನ್ನು ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಒಟ್ಟಿಗೆ ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಯಾಯಿತು. ಆ ಬಟ್ಟೆಗಳ ಮೇಲೆ ಕನ್ನಡಿಯ ಚೂರುಗಳ ಜೊತೆಗೆ ಕವಡೆಗಳನ್ನೂ ಹೊಲಿಯುವುದುಂಟು. ಚೌಕಾಬಾರದಲ್ಲಿ ಉರುಳುವ ಕವಡೆಯೇ ಅಲ್ಲಿ ಅಲಂಕಾರ.

ಪಟ್ಟಣದ ಮನೆಗಳ ಹಿರಿಯ ಹೆಂಗಸರಿಗೆ ಅಷ್ಟು ನವಿರಾದ ಕೆಲಸ ಕಣ್ಣಿಗೆ ಆಯಾಸವಾದೀತು. ಆದರೆ ಈ ಸೀಮೆಯ ಮನೆಮನೆಯಲ್ಲಿ ಬಳಕೆಯಲ್ಲಿದ್ದ ಕೌದಿ ಹಾಗಲ್ಲ. ದಪ್ಪ ಸೂಜಿ, ದಪ್ಪ ದಾರ, ಉದ್ದ ಹೊಲಿಗೆ. ಹಳೆಯ ಸೀರೆ, ಹಳೆಯ ಪಂಚೆ. ಮೇಜಿನ ಮೇಲೆ ಕೌದಿ ಹರಡಿ, ನಾಲ್ಕು ಕಡೆಗೂ ನಾಲ್ವರು ಕುರ್ಚಿ ಹಾಕಿಕೊಂಡು ಕುಳಿತರೆ ಕೆಲಸವೂ ಸಾಗುತ್ತದೆ, “ಇದು ಯಾರ ಮದುವೆಯ ಸೀರೆ?” ಎಂಬ ಮಾತಿನಿಂದ ಒಂದು ಸಂಜೆಯ ಕಥೆಯೂ ಹುಟ್ಟುತ್ತದೆ. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮೊಮ್ಮಕ್ಕಳದು. ಗಂಡಸರಿಗೆ ಸೂಜಿ ಒಲ್ಲದಿದ್ದರೆ ಗಾದೆಯ ಆಟವಿದೆ: ಒಬ್ಬರು ಗಾದೆಯ ಅರ್ಧ ಹೇಳಬೇಕು, ಇನ್ನೊಬ್ಬರು ಪೂರ್ತಿ ಮಾಡಬೇಕು. ಒಗಟು, ಒಡಪು, ದಾಸರ ಪದ ಮತ್ತು ವಚನಗಳ ಅಂತ್ಯಾಕ್ಷರಿ, ಹಳೆಯ ಚಿತ್ರಗೀತೆಯ ಪಲ್ಲವಿ ಕೇಳಿ ಚಿತ್ರದ ಹೆಸರು ಹೇಳುವುದು, ಇವಕ್ಕೆಲ್ಲ ಕಾಸಿನ ಖರ್ಚಿಲ್ಲ. ಒಡಪು ಹಾಕಿ ಗಂಡನ ಹೆಸರು ಹೇಳುವಾಗ ಎಪ್ಪತ್ತರ ಮುದುಕಿಯ ಮುಖದಲ್ಲಿ ಮೂಡುವ ನಾಚಿಕೆಯನ್ನು ಕಂಡ ಮೊಮ್ಮಗಳು ಅದನ್ನು ಬಹುಕಾಲ ಮರೆಯಲಾರಳು.

ನೆನಪು ಮಾಸುತ್ತಿರುವ ಹಿರಿಯರಿರುವ ಮನೆಯಲ್ಲಿ ವಿಶೇಷ ಎಚ್ಚರ ಬೇಕು. “ನೆನಪಿದೆಯೇ? ಹೇಳು ನೋಡೋಣ” ಎಂಬ ಪ್ರಶ್ನೆ ಅವರಿಗೆ ಪರೀಕ್ಷೆಯಾಗುತ್ತದೆ, ಸೋತಾಗ ಕಣ್ಣಲ್ಲಿ ನೀರು ಬರುತ್ತದೆ. ಅವರ ಎದುರು ಗಾದೆಯ ಅರ್ಧವನ್ನು ಸುಮ್ಮನೆ ಹೇಳಿ ನಿಲ್ಲಿಸಬೇಕು. ಉಳಿದರ್ಧ ತಾನಾಗಿ ನಾಲಿಗೆಗೆ ಬಂದರೆ ಸಂತೋಷ, ಬಾರದಿದ್ದರೆ ಹೇಳಿದವರೇ ಪೂರೈಸಿ ಮುಂದೆ ಸಾಗಬೇಕು. ಬೀಜಗಳನ್ನು ಬಣ್ಣದಂತೆ ಬೇರ್ಪಡಿಸಿ ಬಟ್ಟಲಿಗೆ ಹಾಕುವುದು, ಭಜನೆಗೆ ಕುಳಿತಲ್ಲೇ ತಾಳ ಹಾಕುವುದು ಅವರಿಗೆ ಸಾಕಷ್ಟು ಆಟ.

ಪಂಡಿತರು ಹೇಳುವುದೇನು?

ಈ ಆಟಗಳಿಂದ ರೋಗ ವಾಸಿಯಾಗುತ್ತದೆಂದು ಯಾರೂ ಭ್ರಮಿಸಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ೭೫ ವರ್ಷ ದಾಟಿದ ೪೬೯ ಮಂದಿಯನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು ೨೦೦೩ರಲ್ಲಿ ಪ್ರಕಟವಾಯಿತು. ಓದುವುದು, ಮಣೆಯಾಟ ಆಡುವುದು, ವಾದ್ಯ ನುಡಿಸುವುದು, ನರ್ತಿಸುವುದು, ಈ ಹವ್ಯಾಸಗಳಿದ್ದವರಲ್ಲಿ ಮರೆಗುಳಿತನದ ರೋಗ ಕಡಿಮೆ ಕಂಡುಬಂದಿತು. ಆಟದಿಂದ ರೋಗ ದೂರವಾಯಿತೋ, ರೋಗ ದೂರವಿದ್ದವರೇ ಹೆಚ್ಚು ಆಡಿದರೋ ಎಂಬುದು ಇಂಥ ಅಧ್ಯಯನದಿಂದ ತೀರ್ಮಾನವಾಗುವುದಿಲ್ಲ. ಮೈಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸಲಹೆ ಸ್ಪಷ್ಟವಾಗಿದೆ: ೬೫ ವರ್ಷ ದಾಟಿದವರು ವಾರದಲ್ಲಿ ಮೂರು ದಿನವಾದರೂ ದೇಹದ ಸಮತೋಲನವನ್ನೂ ಬಲವನ್ನೂ ಬೆಳೆಸುವ ಚಟುವಟಿಕೆ ಮಾಡಬೇಕು; ಬೀಳುವುದನ್ನು ತಡೆಯುವುದಕ್ಕೆ ಅದು ಸಹಾಯಕ. ಕುಳಿತು ಆಡುವ ಚೆಂಡಾಟ ಇದಕ್ಕೆ ಮೊದಲ ಮೆಟ್ಟಿಲು ಮಾತ್ರ. ಎದ್ದು ನಿಂತು ಆಡಬಲ್ಲವರು ಕುರ್ಚಿಯ ಬೆನ್ನು ಹಿಡಿದು ಆಡಲಿ. ತಲೆಸುತ್ತು, ಎದೆನೋವು ಇರುವವರು ವೈದ್ಯರನ್ನು ಕೇಳಿಯೇ ತೊಡಗಲಿ.

ಆಟದ ಮರ್ಯಾದೆ

ಇನ್ನು ಕೆಲವು ಮರ್ಯಾದೆಗಳನ್ನು ಪಾಲಿಸಬೇಕಾದವರು ಕಿರಿಯರು. ಹಿರಿಯರನ್ನು ಬೇಕೆಂದೇ ಗೆಲ್ಲಿಸಬಾರದು. ಎಪ್ಪತ್ತು ವರ್ಷ ಬಾಳಿದವರಿಗೆ ಕನಿಕರದ ಗೆಲುವು ಯಾವುದು, ನಿಜವಾದ ಗೆಲುವು ಯಾವುದು ಎಂಬುದು ಚೆನ್ನಾಗಿ ತಿಳಿಯುತ್ತದೆ. ಕೈ ನಡುಗುತ್ತಿದೆಯೆಂದು ಅವರ ಕಾಯಿಯನ್ನು ತಾನೇ ನಡೆಸಿಬಿಡಬಾರದು. ನಡೆಸಿಕೊಡಲೇ ಎಂದು ಕೇಳಿ ಕಾಯಬೇಕು. ಮಕ್ಕಳಿಗೆ ಹೊಡೆಯುವಂತೆ ಚಪ್ಪಾಳೆ ಹೊಡೆದು “ಭಲೇ” ಎನ್ನುವುದಕ್ಕಿಂತ, “ಈ ನಡೆ ಹೇಗೆ ಹೊಳೆಯಿತು?” ಎಂದು ಕೇಳುವುದು ನೂರು ಪಾಲು ಮೇಲು. ಹಣದ ಪಣ ಕೂಡದು. ಧರ್ಮರಾಯನ ಪಗಡೆಯ ನೆನಪಿನಿಂದ ಕವಡೆಯನ್ನು ಮನೆಯೊಳಗೆ ಬಿಡದ ಹಿರಿಯರೂ ಇದ್ದಾರೆ. ಶಿವರಾತ್ರಿಯ ಜಾಗರಣೆಗೆ ಪಗಡೆಯ ಹಾಸು ಬಿಚ್ಚುವ ರೂಢಿಯನ್ನು ಅವರಿಗೆ ನೆನಪು ಮಾಡಿಕೊಡಬಹುದು. ಸೋತವರು ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿಕೊಡಬೇಕೆಂಬ ಪಣವನ್ನು ಅವರೂ ಒಪ್ಪಿಯಾರು.

ದೂರದ ಊರಿನಲ್ಲಿರುವ ಮಕ್ಕಳಿಗೂ ನೆಪ ಹೇಳಲು ಅವಕಾಶವಿಲ್ಲ. ಒಂದೇ ಬಗೆಯ ಚೌಕಾಬಾರದ ಮನೆಯನ್ನು ಎರಡು ಕಡೆ ಬರೆದಿಟ್ಟುಕೊಂಡು, ಮೊಬೈಲಿನಲ್ಲಿ ಮುಖ ನೋಡುತ್ತ ಅಜ್ಜಿ ಹೊಸಪೇಟೆಯಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ ಕವಡೆ ಎಸೆಯಬಹುದು. “ಊಟವಾಯಿತೇ? ಮಾತ್ರೆ ತೆಗೆದುಕೊಂಡೆಯಾ?” ಎಂಬ ಎರಡು ಪ್ರಶ್ನೆಗಳಿಗೆ ಮುಗಿದುಹೋಗುವ ಸಂಭಾಷಣೆ ಅರ್ಧ ಗಂಟೆಗೆ ಬೆಳೆಯುತ್ತದೆ. ತನ್ನ ಕಾಯಿಯನ್ನು ಹೊಡೆದ ಮೊಮ್ಮಗನನ್ನು ಅಜ್ಜಿ ಬಯ್ಯುವುದು ಆರೋಗ್ಯದ ಒಳ್ಳೆಯ ಲಕ್ಷಣ.

ಹಂಪಿಗೆ ಮತ್ತೊಮ್ಮೆ ಹೋಗುವ ಕುಟುಂಬಗಳು ಹಿರಿಯರನ್ನು ಬಿಸಿಲೇರುವ ಮುನ್ನ ಕರೆದೊಯ್ಯಲಿ. ವಿಠಲ ದೇವಾಲಯದವರೆಗೆ ಬ್ಯಾಟರಿ ಗಾಡಿಗಳಿವೆ. ಏರುಪೇರಿನ ಬಂಡೆಯ ಮೇಲೆ ಅವರನ್ನು ನಡೆಸಬೇಕಾಗಿಲ್ಲ. ಜಗಲಿಯ ಗೆರೆಗಳ ಮೇಲೆ ಸುಣ್ಣ ಬಳಿಯುವುದಾಗಲಿ ಹೊಸದಾಗಿ ಕೊರೆಯುವುದಾಗಲಿ ಬೇಡ. ಅವು ಕಾನೂನು ಕಾಯುತ್ತಿರುವ ಸ್ಮಾರಕದ ಭಾಗಗಳು. ನೋಡಿ, ಬರೆದುಕೊಂಡು, ಮನೆಗೆ ತಂದು ಮೇಜಿನ ಮೇಲೆ ಹರಡಿದರೆ ಸಾಕು. ಆ ಸಂಜೆ ಮನೆಯ ಕಿರಿಯರಲ್ಲಿ ಒಬ್ಬರು ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದು, ಕುರ್ಚಿ ಎಳೆದುಕೊಂಡು ಅಜ್ಜಿಯ ಎದುರಿಗೆ ಕುಳಿತು, “ಮೊದಲ ಎಸೆತ ನಿಮ್ಮದು” ಎನ್ನಲಿ.